ಬೆಳಗಿನ ಓಟಕ್ಕೆ ಮುನ್ನ ಬಾಳೆಹಣ್ಣೋ, ಬರಿಹೊಟ್ಟೆಯೋ?

ನನ್ನ ಮೊದಲ ಹತ್ತು ಕಿಲೋಮೀಟರ್ ಸ್ಪರ್ಧೆಯ ದಿನ ನಾನು ತಿಂದದ್ದು ಎರಡು ಇಡ್ಲಿ, ಒಂದು ಉದ್ದಿನ ವಡೆ. ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿಯೇ ತಿಂದೆ. ಮೇಲೊಂದು ಲೋಟ ಕಾಫಿ. ಓಟ ಶುರುವಾಗಲು ಆಗ ಇನ್ನು ನಲವತ್ತು ನಿಮಿಷ ಬಾಕಿ. ಅಷ್ಟು ದೂರ ಓಡುವುದಿದೆ, ಹೊಟ್ಟೆ ಗಟ್ಟಿಯಾಗಿರಲಿ ಎಂಬುದು ನನ್ನ ಲೆಕ್ಕಾಚಾರ. ನಾಲ್ಕನೆಯ ಕಿಲೋಮೀಟರಿನಲ್ಲಿ ಸಾಂಬಾರು ಗಂಟಲಿಗೆ ಬಂತು. ಐದನೆಯದರಲ್ಲಿ ಬಲಪಕ್ಕೆ ಹಿಡಿಯಿತು. ಆರನೆಯದರ ಹೊತ್ತಿಗೆ ನಾನು ಸ್ಪರ್ಧಿಯಾಗಿ ಉಳಿದಿರಲಿಲ್ಲ, ರಸ್ತೆಯ ಎರಡೂ ಬದಿಯಲ್ಲಿ ಶೌಚಾಲಯ ಹುಡುಕುತ್ತಿದ್ದ ಒಬ್ಬ ನಾಗರಿಕನಾಗಿದ್ದೆ.

ಆ ಅವಮಾನದಿಂದ ಇನ್ನೊಂದು ತುದಿಗೆ ಹಾರಿದೆ. ಮುಂದಿನ ಆರು ತಿಂಗಳು ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕದೆ ಓಡಿದೆ. ಐದಾರು ಕಿಲೋಮೀಟರಿಗೆ ಯಾವ ತೊಂದರೆಯೂ ಆಗಲಿಲ್ಲ, ಹಾಗಾಗಿ ಇದೇ ಸರಿ ಎಂದು ನಂಬಿಕೊಂಡೆ. ಒಂದು ಭಾನುವಾರ ಹದಿನೆಂಟು ಕಿಲೋಮೀಟರಿಗೆ ಹೊರಟೆ. ಹದಿನಾಲ್ಕು ದಾಟುವಾಗ ಕಾಲುಗಳು ಕೆಸರುಗದ್ದೆಯಲ್ಲಿ ಹೂತಂತಾದವು, ತಲೆ ಹಗುರಾಯಿತು, ಮೋರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಎದುರಿನ ಚಹಾದಂಗಡಿಯ ಅಜ್ಜ ನಾನು ಕೇಳದೆಯೇ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಚಹಾ ಕೊಟ್ಟರು. ಹತ್ತು ನಿಮಿಷದಲ್ಲಿ ಲೋಕ ಮತ್ತೆ ನೆಟ್ಟಗಾಯಿತು.

ಎರಡು ಸಲವೂ ನಾನು ಮಾಡಿದ್ದು ಒಂದೇ ತಪ್ಪು: ‘ತಿನ್ನಬೇಕೇ, ಬೇಡವೇ’ ಎಂದಷ್ಟೇ ಕೇಳಿಕೊಂಡಿದ್ದೆ. ಎಷ್ಟು ದೂರ, ಎಷ್ಟು ಬಿರುಸು, ನಿನ್ನೆ ರಾತ್ರಿ ಏನು ಉಂಡೆ, ಈಗಿನಿಂದ ಓಟಕ್ಕೆ ಎಷ್ಟು ಹೊತ್ತಿದೆ ಎಂದು ಕೇಳಿಕೊಂಡಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು. ಆ ಪ್ರಶ್ನೆಗಳನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಇಟ್ಟಿದ್ದೇನೆ.

ಹೆಜ್ಜೆ 1: ಒಳಗಿನ ಕಣಜದಲ್ಲಿ ಏನಿದೆ ಎಂದು ತಿಳಿಯಿರಿ

ಅನ್ನ, ಮುದ್ದೆ, ಚಪಾತಿ, ಹಣ್ಣು ಯಾವುದನ್ನೇ ತಿಂದರೂ ಅದರ ಶರ್ಕರಪಿಷ್ಟದ (ಕಾರ್ಬೋಹೈಡ್ರೇಟಿನ) ಒಂದು ಪಾಲನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಕೂಡಿಡುವ ಜಾಗ ಎರಡು. ಯಕೃತ್ತಿನಲ್ಲಿ ಸುಮಾರು 80ರಿಂದ 100 ಗ್ರಾಂ, ಸ್ನಾಯುಗಳಲ್ಲಿ ಒಟ್ಟು 300ರಿಂದ 500 ಗ್ರಾಂ. ಯಕೃತ್ತು ಕೂಡುಕುಟುಂಬದ ಯಜಮಾನತಿಯಂತೆ, ಕೇಳಿದವರಿಗೆಲ್ಲ ಹಂಚುತ್ತದೆ. ರಾತ್ರಿ ನೀವು ಮಲಗಿರುವಾಗ ಮಿದುಳಿಗೆ ಸಕ್ಕರೆ ಒದಗಿಸುವುದು ಅದೇ, ಹಾಗಾಗಿ ಬೆಳಗಾಗುವಷ್ಟರಲ್ಲಿ ಅದರ ದಾಸ್ತಾನು ಬಹಳ ಮಟ್ಟಿಗೆ ಕರಗಿರುತ್ತದೆ. ಸ್ನಾಯು ಹಾಗಲ್ಲ, ಜಿಪುಣ. ತನ್ನಲ್ಲಿರುವುದನ್ನು ತಾನೇ ಬಳಸುತ್ತದೆಯೇ ಹೊರತು ರಕ್ತಕ್ಕೆ ಮರಳಿಸುವುದಿಲ್ಲ. ಮರಳಿಸಲು ಬೇಕಾದ ಕಿಣ್ವವೇ ಅದರಲ್ಲಿಲ್ಲ. ಆದ್ದರಿಂದ ನಿದ್ದೆ ಮಾಡಿ ಎದ್ದರೂ ಕಾಲಿನ ದಾಸ್ತಾನು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಈಗ ಖರ್ಚಿನ ಕಡೆ ನೋಡಿ. ಸಮತಟ್ಟಾದ ದಾರಿಯಲ್ಲಿ ಓಡುವಾಗ ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿ ಖರ್ಚಾಗುತ್ತದೆ. 60 ಕಿಲೋ ತೂಗುವವರು 5 ಕಿಲೋಮೀಟರ್ ಓಡಿದರೆ 300. ಸ್ನಾಯುಗಳಲ್ಲಿ 400 ಗ್ರಾಂ ಗ್ಲೈಕೋಜನ್ ಇದ್ದರೆ ಅದು 1600 ಕಿಲೋಕ್ಯಾಲರಿ. ಜೊತೆಗೆ ಕೊಬ್ಬೂ ಉರಿಯುತ್ತಿರುತ್ತದೆ. ಅಂದರೆ ಅರ್ಧ ಗಂಟೆಯ ಓಟಕ್ಕೆ ಬೇಕಾದ ಬುತ್ತಿ ಕಾಲಿನಲ್ಲಿ ಆಗಲೇ ಇದೆ. ಮ್ಯಾರಥಾನ್ ಓಡುವವರಲ್ಲಿ ಅನೇಕರು ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಗೋಡೆಗೆ ಡಿಕ್ಕಿ ಹೊಡೆದಂತೆ ನಿಲ್ಲುವುದೂ ಈ ಲೆಕ್ಕದಿಂದಲೇ: ಅಲ್ಲಿಗೆ ಕಣಜದ ತಳ ಕಾಣತೊಡಗುತ್ತದೆ.

ಹೆಜ್ಜೆ 2: ಇವತ್ತಿನ ಓಟ ಎಷ್ಟು ಹೊತ್ತಿನದು?

ದೂರಕ್ಕಿಂತ ಹೊತ್ತು ಮುಖ್ಯ. ಒಬ್ಬರು ಐವತ್ತು ನಿಮಿಷದಲ್ಲಿ ಮುಗಿಸುವ ಹತ್ತು ಕಿಲೋಮೀಟರನ್ನು ಇನ್ನೊಬ್ಬರು ಒಂದೂವರೆ ಗಂಟೆ ಓಡುತ್ತಾರೆ. ಇಬ್ಬರ ಹೊಟ್ಟೆಗೂ ಒಂದೇ ಸಲಹೆ ಹೊಂದುವುದಿಲ್ಲ.

ಆರೋಗ್ಯವಂತರು ಮಾತನಾಡುತ್ತಾ ಓಡಬಹುದಾದ ವೇಗದಲ್ಲಿ 45 ನಿಮಿಷದೊಳಗೆ ಮುಗಿಸುವ ಓಟಕ್ಕೆ ತಿನ್ನುವ ಅಗತ್ಯವಿಲ್ಲ. ಹಸಿವಾಗಿದ್ದರೆ ತಿನ್ನಿ, ಇಲ್ಲದಿದ್ದರೆ ನೀರು ಕುಡಿದು ಹೊರಡಿ. 45ರಿಂದ 75 ನಿಮಿಷದ ಓಟ ಅಭ್ಯಾಸಕ್ಕೆ ಬಿಟ್ಟದ್ದು. ಕೆಲವರಿಗೆ ಅರ್ಧ ಬಾಳೆಹಣ್ಣು ಬೇಕು, ಕೆಲವರಿಗೆ ಬೇಡ. 75–90 ನಿಮಿಷ ದಾಟುವುದಾದರೆ ತಿಂದು ಹೋಗಿ. ಇಲ್ಲಿ ನಾನು ಜಗ್ಗುವುದಿಲ್ಲ. ದೀರ್ಘ ಓಟಕ್ಕೆ ಮುಂಚೆ ತಿಂದವರು ಹೆಚ್ಚು ಹೊತ್ತು ತಾಳುತ್ತಾರೆ, ಚಿಕ್ಕ ಓಟದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಬಿರುಸಿನ ಓಟದ ಲೆಕ್ಕ ಬೇರೆ. 400 ಮೀಟರಿನ ಎಂಟು ಸುತ್ತನ್ನು ಏದುಸಿರಿನಲ್ಲಿ ಓಡುವ ದಿನ, ಬೆಟ್ಟದ ಏರು ಹತ್ತುವ ದಿನ ದೇಹ ಕೊಬ್ಬನ್ನು ಬಿಟ್ಟು ಗ್ಲೈಕೋಜನ್ನನ್ನೇ ಹೆಚ್ಚಾಗಿ ಉರಿಸುತ್ತದೆ. ಒಟ್ಟು ನಲವತ್ತೇ ನಿಮಿಷವಾದರೂ ಅಂಥ ದಿನ ಸ್ವಲ್ಪ ಸಿಹಿ ಒಳಗಿದ್ದರೆ ಒಳ್ಳೆಯದು. ಆದರೆ ತುಂಬಿದ ಹೊಟ್ಟೆ ಅತಿ ಹೆಚ್ಚು ಕಾಡುವುದೂ ಅಂಥ ದಿನವೇ. ಬಿರುಸಾಗಿ ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳಿಗೂ ಚರ್ಮಕ್ಕೂ ಹರಿದು ಕರುಳಿಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ಅರಗಿಸಲು ರಕ್ತವಿಲ್ಲದ ಕರುಳಿನಲ್ಲಿ ವಡೆ ಕುಳಿತರೆ ಏನಾಗುತ್ತದೆ ಎಂದು ಆಗಲೇ ಹೇಳಿದ್ದೇನೆ.

ಹೆಜ್ಜೆ 3: ನಿನ್ನೆ ರಾತ್ರಿಯ ಊಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಹೆಚ್ಚಿನವರು ಇದನ್ನು ಮರೆಯುತ್ತಾರೆ. ಬೆಳಗ್ಗೆ ಐದೂವರೆಗೆ ಓಡುವವರ ನಿಜವಾದ ಬುತ್ತಿ ಹಿಂದಿನ ರಾತ್ರಿಯ ತಟ್ಟೆಯಲ್ಲಿರುತ್ತದೆ. ಬೆಳಗಿನ ಬಾಳೆಹಣ್ಣು ಅದರ ಮೇಲಿನ ಕೊಸರು ಮಾತ್ರ.

ತೂಕ ಇಳಿಸಬೇಕೆಂದು ರಾತ್ರಿ ಒಂದು ಬಟ್ಟಲು ಸೌತೆಕಾಯಿ ಕೋಸಂಬರಿ ತಿಂದು ಮಲಗಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಹದಿನೈದು ಕಿಲೋಮೀಟರ್ ಓಡಲು ಬರುವವರನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನೋಡುತ್ತಿರುತ್ತೇನೆ. ಅವರು ಎರಡು ಊಟ ಬಿಟ್ಟು ಓಡುತ್ತಿದ್ದಾರೆ, ಒಂದಲ್ಲ. ಇದಕ್ಕೆ ವಿರುದ್ಧವಾಗಿ ರಾತ್ರಿ ಎಂಟಕ್ಕೆ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ ಉಂಡು ಮಲಗಿದವರು ಬೆಳಗ್ಗೆ ಏನೂ ತಿನ್ನದೆ ಒಂದು ಗಂಟೆ ಓಡಿದರೂ ಆಯಾಸಪಡುವುದಿಲ್ಲ.

ನಮ್ಮ ನಗರಗಳ ತೊಂದರೆ ಇನ್ನೊಂದು: ಊಟವಾಗುವುದೇ ರಾತ್ರಿ ಹತ್ತಕ್ಕೆ. ಅದೂ ಮದುವೆಯ ಆರತಕ್ಷತೆಯ ಊಟ ಅಥವಾ ಬಿರಿಯಾನಿಯಾದರೆ ಜಿಡ್ಡು ಜಠರದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಬೆಳಗ್ಗೆ ಹುಳಿತೇಗು ಬಂದರೆ ಅದು ಖಾಲಿ ಹೊಟ್ಟೆಯದಲ್ಲ, ನಿನ್ನೆಯ ಹೊಟ್ಟೆಯದು. ಅಂಥ ದಿನ ಮತ್ತೇನೂ ತಿನ್ನಬೇಡಿ, ನೀರು ಕುಡಿದು ನಿಧಾನವಾಗಿ ಓಡಿ, ಬಿರುಸಿನ ಅಭ್ಯಾಸವನ್ನು ನಾಳೆಗೆ ತಳ್ಳಿ.

ಮರುದಿನ ದೀರ್ಘ ಓಟವಿದ್ದರೆ ರಾತ್ರಿ ಅನ್ನವನ್ನು ಎಂದಿಗಿಂತ ಒಂದು ಸೌಟು ಹೆಚ್ಚು ಬಡಿಸಿಕೊಳ್ಳಿ. ಹುರುಳಿಸಾರು, ಹಸಿ ತರಕಾರಿ, ಅವರೆಕಾಳು ಹುಳಿ ಎಲ್ಲವೂ ಒಳ್ಳೆಯ ಆಹಾರಗಳೇ, ಆದರೆ ಆ ರಾತ್ರಿ ಬೇಡ. ನಾರಿನಂಶ ಬೆಳಗ್ಗೆ ಎಂಟನೆಯ ಕಿಲೋಮೀಟರಿನಲ್ಲಿ ತನ್ನ ಕೆಲಸ ಶುರುಮಾಡುತ್ತದೆ. ಅವರೆಯ ಕಾಲದಲ್ಲಿ ಈ ನಿಯಮ ಪಾಲಿಸುವುದು ಎಷ್ಟು ಕಷ್ಟ ಎಂದು ಹಳೆಯ ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 4: ಗಡಿಯಾರವನ್ನು ಹಿಂದಕ್ಕೆ ಎಣಿಸಿ

‘ಹಸಿದು ಹಲಸು, ಉಂಡು ಮಾವು’ ಎಂದ ಹಿರಿಯರಿಗೆ ಯಾವುದನ್ನು ಯಾವಾಗ ತಿನ್ನಬೇಕೆಂಬ ವಿವೇಕವಿತ್ತು. ಹಲಸು ತಿಂದು ಓಡಲು ಹೋಗಬೇಡಿ, ಅದು ಬೇರೆ ಮಾತು. ಆದರೆ ಓಟದಲ್ಲೂ ಏನು ಎನ್ನುವುದಕ್ಕಿಂತ ಯಾವಾಗ ಎನ್ನುವುದೇ ಮೊದಲು ತೀರ್ಮಾನವಾಗಬೇಕು.

ದೀರ್ಘ ಓಟಕ್ಕೆ ಮುನ್ನ ಒಂದರಿಂದ ನಾಲ್ಕು ಗಂಟೆಯ ಅವಧಿಯಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ಒಂದರಿಂದ ನಾಲ್ಕು ಗ್ರಾಂ ಶರ್ಕರಪಿಷ್ಟ ತಿನ್ನಬಹುದು ಎನ್ನುವುದು ಕ್ರೀಡಾ ಆಹಾರತಜ್ಞರ ಸಾಮಾನ್ಯ ಸಲಹೆ. ನೆನಪಿಡಲು ಸುಲಭ: ಎಷ್ಟು ಗಂಟೆ ಮುಂಚೆಯೋ, ಕಿಲೋಗೆ ಅಷ್ಟು ಗ್ರಾಂ. 60 ಕಿಲೋ ತೂಗುವವರು ಎರಡು ಗಂಟೆ ಮುಂಚೆ ತಿನ್ನುವುದಾದರೆ 120 ಗ್ರಾಂವರೆಗೆ. ಒಂದೇ ಗಂಟೆ ಇದ್ದರೆ 60. ಇದು ಮೇಲಿನ ಮಿತಿ, ಅಷ್ಟೂ ತಿನ್ನಲೇಬೇಕೆಂದಿಲ್ಲ. ಹತ್ತು ಕಿಲೋಮೀಟರಿನ ಬೆಳಗಿನ ಓಟಕ್ಕೆ 20–30 ಗ್ರಾಂ ಧಾರಾಳ.

ತುಂಬು ಊಟವಾಗಿದ್ದರೆ ಮೂರರಿಂದ ನಾಲ್ಕು ಗಂಟೆ ಬಿಡಿ. ಇಡ್ಲಿಯಂಥ ಹಗುರ ತಿಂಡಿಗೆ ಒಂದೂವರೆ ಎರಡು ಗಂಟೆ ಸಾಕು. ಹಣ್ಣು, ಖರ್ಜೂರ, ಬ್ರೆಡ್ ಆದರೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಓಡಲು ಹತ್ತೇ ನಿಮಿಷವಿರುವಾಗ ಏನಾದರೂ ಬೇಕೆನಿಸಿದರೆ ಒಂದು ಚಮಚ ಜೇನುತುಪ್ಪ ಅಥವಾ ಬೆಲ್ಲದ ಚೂರು, ಎರಡು ಗುಟುಕು ನೀರು.

ಸಿಹಿ ತಿಂದು ಮುಕ್ಕಾಲು ಗಂಟೆ ಕಳೆದು ಓಡಲು ಹೊರಟಾಗ ಕೆಲವರಿಗೆ ಮೊದಲ ಹದಿನೈದು ನಿಮಿಷ ಕೈಕಾಲು ನಿಶ್ಶಕ್ತವೆನಿಸುತ್ತದೆ. ಸಿಹಿಗೆ ಉತ್ತರವಾಗಿ ಇನ್ಸುಲಿನ್ ಏರಿರುತ್ತದೆ, ಅದೇ ಹೊತ್ತಿಗೆ ಸ್ನಾಯುಗಳೂ ಸಕ್ಕರೆಯನ್ನು ಎಳೆದುಕೊಳ್ಳತೊಡಗುತ್ತವೆ. ಎರಡೂ ಸೇರಿ ರಕ್ತದ ಸಕ್ಕರೆ ತುಸು ಕುಸಿಯುತ್ತದೆ. ಬಹುಪಾಲು ಮಂದಿಗೆ ಅದು ತಾನಾಗಿಯೇ ಸರಿಹೋಗುತ್ತದೆ. ನಿಮಗೆ ಪ್ರತಿ ಸಲವೂ ಹಾಗಾಗುತ್ತಿದ್ದರೆ ಆ ಸಿಹಿಯನ್ನು ಓಟಕ್ಕೆ ಐದು ನಿಮಿಷ ಮುಂಚೆ ತಿನ್ನಿ, ಅಥವಾ ಒಂದೂವರೆ ಗಂಟೆ ಹಿಂದಕ್ಕೆ ತಳ್ಳಿ.

ಹೆಜ್ಜೆ 5: ಅಡುಗೆಮನೆಯಲ್ಲಿ ಇರುವುದನ್ನೇ ತೆಗೆಯಿರಿ

ಓಟಗಾರರಿಗೆಂದೇ ಮಾರುವ ಜೆಲ್ಲು, ಬಾರುಗಳ ಬಗ್ಗೆ ನನಗೆ ದ್ವೇಷವಿಲ್ಲ. ಅರ್ಧ ಮ್ಯಾರಥಾನ್ ಓಡುವಾಗ ಜೇಬಿನಲ್ಲಿ ಒಂದೆರಡು ಇಟ್ಟುಕೊಳ್ಳುತ್ತೇನೆ. ಆದರೆ ಕೆರೆಯ ಸುತ್ತ ಎರಡು ಸುತ್ತು ಓಡಲು ಅದು ಬೇಕೆನ್ನುವುದು ಪಕ್ಕದ ಬೀದಿಗೆ ವಿಮಾನದಲ್ಲಿ ಹೋದಂತೆ.

ಬಾಳೆಹಣ್ಣು ಹಳೆಯ ನಂಬುಗೆಯ ಮಿತ್ರ. ಮಧ್ಯಮ ಗಾತ್ರದ ಒಂದು ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಶರ್ಕರಪಿಷ್ಟವಿದೆ. ಏಲಕ್ಕಿ ಬಾಳೆ ಚಿಕ್ಕದು, ಎರಡು ತಿಂದರೆ ಅಷ್ಟಾಗುತ್ತದೆ. ಸಿಪ್ಪೆಯ ಮೇಲೆ ಕಂದು ಚುಕ್ಕೆ ಮೂಡಿದ ಹಣ್ಣನ್ನೇ ಆರಿಸಿ. ದೋರೆಗಾಯಿಯಲ್ಲಿ ಪಿಷ್ಟ ಇನ್ನೂ ಸಕ್ಕರೆಯಾಗಿರುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಸಾಮಾನ್ಯ ಗಾತ್ರದ ಒಂದು ಖರ್ಜೂರದಲ್ಲಿ ಐದಾರು ಗ್ರಾಂ ಇರುತ್ತದೆ, ಮೂರು ನಾಲ್ಕು ತಿಂದರೆ ಸಾಕು. ಒಂದು ಹೋಳು ಬ್ರೆಡ್ಡಿಗೆ ಜೇನು ಅಥವಾ ಜಾಮ್ ಸವರಿದರೆ ಸುಮಾರು 25 ಗ್ರಾಂ ಆಗುತ್ತದೆ. ಬೆಣ್ಣೆ ಬೇಡ.

ಇಡ್ಲಿಯ ಬಗ್ಗೆ ನನ್ನಲ್ಲಿ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಹುದುಗಿದ, ಆವಿಯಲ್ಲಿ ಬೆಂದ, ಎಣ್ಣೆಯಿಲ್ಲದ ತಿಂಡಿ. ಮನೆಯಲ್ಲಿ ಮಾಡಿದ ಒಂದು ಇಡ್ಲಿಯಲ್ಲಿ ಸುಮಾರು 10 ಗ್ರಾಂ ಶರ್ಕರಪಿಷ್ಟ. ದೀರ್ಘ ಓಟಕ್ಕೆ ಎರಡು ಗಂಟೆ ಮುಂಚೆ ನಾಲ್ಕು ಇಡ್ಲಿ, ಒಂದು ಬಾಳೆಹಣ್ಣು ತಿಂದರೆ ಸುಮಾರು 65 ಗ್ರಾಂ. ನಂಜಿಕೊಳ್ಳಲು ಸಕ್ಕರೆಯನ್ನೋ ಜೇನನ್ನೋ ಹಾಕಿಕೊಳ್ಳಿ. ಕಾಯಿಚಟ್ನಿಯ ಕೊಬ್ಬು, ಸಾಂಬಾರಿನ ಹುಣಸೆಹುಳಿ, ಖಾರ ಇವು ಇಡ್ಲಿಯ ಒಳ್ಳೆಯತನವನ್ನೆಲ್ಲ ತೊಳೆದುಹಾಕುತ್ತವೆ. ದಕ್ಷಿಣ ಕನ್ನಡದವರಿಗೆ ನೀರುದೋಸೆ, ಬೆಲ್ಲ ಇದ್ದರೆ ಇನ್ನೇನು ಬೇಕು? ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ತಿಳಿಯಾಗಿ ಕುಡಿದರೂ ಆದೀತು. ಕರಾವಳಿಯ ಸೆಕೆಯಲ್ಲಿ ಬೆವರಿನ ಜೊತೆ ಹೋಗುವ ಉಪ್ಪಿಗೂ ಅದು ಒಳ್ಳೆಯದು.

ತೆಳು ಅವಲಕ್ಕಿ ನೆನೆಸಿ ಬೆಲ್ಲ ಬೆರೆಸಿದರೆ ಐದು ನಿಮಿಷದ ಕೆಲಸ. 25 ಗ್ರಾಂ ಅವಲಕ್ಕಿಯಲ್ಲಿ 19 ಗ್ರಾಂನಷ್ಟು ಶರ್ಕರಪಿಷ್ಟವೇ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸದಾ ಇರುವ ಮಂಡಕ್ಕಿಯೂ ಹಗುರ. ಒಗ್ಗರಣೆ ಹಾಕದ ಮಂಡಕ್ಕಿ, ಅದರ ಪಕ್ಕದ ಮಿರ್ಚಿ ಇಲ್ಲದ ಮಂಡಕ್ಕಿ. ದಾವಣಗೆರೆಯವರು ಕ್ಷಮಿಸಬೇಕು.

ರಾಗಿಯ ವಿಷಯದಲ್ಲಿ ಗೌರವಕ್ಕೂ ಅರಗಣೆಗೂ ತಾಳೆಯಾಗುವುದಿಲ್ಲ. ಸುಣ್ಣದ ಅಂಶದಲ್ಲಿ ಅದನ್ನು ಮೀರಿಸುವ ಧಾನ್ಯವಿಲ್ಲ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ನಾರು ಹೆಚ್ಚು, ಅರಗುವುದು ನಿಧಾನ. ಮುದ್ದೆ ಉಂಡವರು ಹೊಲದಲ್ಲಿ ದಿನವಿಡೀ ಗೇಯುತ್ತಾರಲ್ಲ ಎಂದರೆ, ಹೌದು, ಆದರೆ ಅವರು ಉಂಡ ಮುಕ್ಕಾಲು ಗಂಟೆಗೆ ನಿಮಿಷಕ್ಕೆ ನೂರ ಎಪ್ಪತ್ತು ಹೆಜ್ಜೆ ಕುಪ್ಪಳಿಸುವುದಿಲ್ಲ. ಓಟಕ್ಕೆ ಒಂದೂವರೆ ಗಂಟೆ ಮುಂಚೆ ತೆಳುವಾದ ರಾಗಿ ಗಂಜಿಯನ್ನು ನೀರಿನಲ್ಲಿ ಕುದಿಸಿ, ಬೆಲ್ಲ ಹಾಕಿ ಕುಡಿಯಬಹುದು. ಮುದ್ದೆ ಮಧ್ಯಾಹ್ನಕ್ಕಿರಲಿ.

ಮಸಾಲೆ ದೋಸೆ, ಪೂರಿ, ಪರೋಟಾ, ತುಪ್ಪ ಸುರಿಯುವ ಖಾರಾಬಾತ್, ಮೊಳಕೆಕಾಳು, ಕಡಲೆಬೀಜದ ಚಿಕ್ಕಿ ಯಾವುದೂ ಓಟಕ್ಕೆ ಮುಂಚಿನ ಎರಡು ಗಂಟೆಯಲ್ಲಿ ಬೇಡ. ಹಾಲೂ ಬೇಡ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಸರಿಯಾಗಿ ಅರಗದವರು ದಕ್ಷಿಣ ಭಾರತದಲ್ಲಿ ಬಹಳ ಮಂದಿ ಇದ್ದಾರೆ. ದಿನದ ಕಾಫಿಯಷ್ಟು ಹಾಲಿನಲ್ಲಿ ಗೊತ್ತಾಗದ ಆ ಕೊರತೆ, ಒಂದು ದೊಡ್ಡ ಲೋಟ ಕುಡಿದು ಓಡಿದರೆ ಗೊತ್ತಾಗುತ್ತದೆ.

ಏನೂ ಒಳಗಿಳಿಯದ ಹೊಟ್ಟೆಯವರಿಗೆ ಒಂದು ವಿಚಿತ್ರ ಉಪಾಯವಿದೆ. ಸಕ್ಕರೆ ನೀರನ್ನು ಹತ್ತು ಸೆಕೆಂಡು ಬಾಯಲ್ಲಿ ಮುಕ್ಕಳಿಸಿ ಉಗುಳುವುದು. ಬಾಯಿಯೊಳಗಿನ ಗ್ರಾಹಕಗಳು ಶಕ್ತಿ ಬರುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಸುಮಾರು ಒಂದು ಗಂಟೆಯ ಬಿರುಸಿನ ಶ್ರಮದಲ್ಲಿ ಇದರಿಂದ ಚಿಕ್ಕದಾದರೂ ಅಳೆಯಬಹುದಾದ ಲಾಭ ಕಂಡುಬಂದಿದೆ. ನೋಡುವವರು ಏನೆಂದುಕೊಳ್ಳುತ್ತಾರೋ ನಿಮಗೆ ಬಿಟ್ಟದ್ದು.

ಹೆಜ್ಜೆ 6: ಕಾಫಿ, ನೀರು

ಕಾಫಿಯ ಕೆಫೀನ್ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಓಟಕ್ಕೆ ಅದರಿಂದ ಲಾಭವೂ ಇದೆ. ಆದರೆ ಕಾಫಿ ದೊಡ್ಡಕರುಳನ್ನು ಅದಕ್ಕಿಂತ ಬಹಳ ಬೇಗ, ಕೆಲವೇ ನಿಮಿಷಗಳಲ್ಲಿ, ಎಬ್ಬಿಸುತ್ತದೆ. ಇದನ್ನು ಉಪಯೋಗಕ್ಕೆ ತಿರುಗಿಸಿಕೊಳ್ಳಿ: ಮನೆ ಬಿಡುವ ನಲವತ್ತು ನಿಮಿಷ ಮುಂಚೆ ಅರ್ಧ ಲೋಟ ಕುಡಿದು, ಶೌಚದ ಕೆಲಸ ಮುಗಿಸಿ ಹೊರಡಿ. ಚಿಕೋರಿ ಹೆಚ್ಚಿರುವ ಪುಡಿಯಾದರೆ ಅದರಲ್ಲಿರುವ ನಾರು ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಓಟದ ದಿನ ಶುದ್ಧ ಕಾಫಿಯ ಪುಡಿ ಬಳಸಿ ನೋಡಿ.

ಎದ್ದ ಕೂಡಲೇ ಒಂದು ಲೋಟ ನೀರು ಸಾಕು. ಎರಡು ಗಂಟೆ ಮುಂಚೆ ಎದ್ದಿದ್ದರೆ ಪ್ರತಿ ಕಿಲೋ ತೂಕಕ್ಕೆ 5–7 ಮಿಲಿಲೀಟರಿನ ಲೆಕ್ಕದಲ್ಲಿ, 60 ಕಿಲೋದವರಿಗೆ 300ರಿಂದ 400 ಮಿಲಿಲೀಟರ್, ನಿಧಾನವಾಗಿ ಕುಡಿಯಬಹುದು. ಲೀಟರ್‌ಗಟ್ಟಲೆ ಕುಡಿದು ಓಡುವುದು ಜಾಣತನವಲ್ಲ. ನಿಧಾನವಾಗಿ ಬಹಳ ಹೊತ್ತು ಓಡುವವರು ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಕುಸಿದು ಆಸ್ಪತ್ರೆ ಸೇರಿದ ಉದಾಹರಣೆಗಳು ಮ್ಯಾರಥಾನ್ ಲೋಕದಲ್ಲಿವೆ, ಸಾವುಗಳೂ ಆಗಿವೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಓಟದ ನಂತರ ಎಳನೀರಿನ ಜೊತೆ ಉಪ್ಪಿರುವ ಏನನ್ನಾದರೂ ತಿನ್ನಿ.

ಹೆಜ್ಜೆ 7: ನಾಲ್ಕು ವಾರ ಬರೆದಿಡಿ

ಇಲ್ಲಿಯವರೆಗೆ ಓದಿದ್ದು ಸರಾಸರಿ ಮನುಷ್ಯನ ಹೊಟ್ಟೆಯ ಕಥೆ. ನಿಮ್ಮ ಹೊಟ್ಟೆಯದನ್ನು ನೀವೇ ಬರೆಯಬೇಕು. ಒಂದು ಹಳೆಯ ಡೈರಿ ಸಾಕು. ಪ್ರತಿ ಓಟದ ನಂತರ ಒಂದೇ ಸಾಲು: ರಾತ್ರಿ ಎಷ್ಟು ಗಂಟೆಗೆ ಏನು ಉಂಡೆ, ಬೆಳಗ್ಗೆ ಏನು, ಎಷ್ಟು ನಿಮಿಷ ಮುಂಚೆ, ಎಷ್ಟು ಓಡಿದೆ, ಹೊಟ್ಟೆ ಹೇಗಿತ್ತು, ಕಾಲು ಹೇಗಿತ್ತು. ಮೊದಲ ವಾರ ಎಂದಿನಂತೆ ಓಡಿ. ಎರಡನೆಯ ವಾರ ಅರ್ಧ ಗಂಟೆ ಮುಂಚೆ ಒಂದು ಏಲಕ್ಕಿ ಬಾಳೆ. ಮೂರನೆಯ ವಾರ ಅದೇ ಹಣ್ಣು, ಒಂದು ಗಂಟೆ ಮುಂಚೆ. ನಾಲ್ಕನೆಯ ವಾರ ತಿನಿಸು ಬದಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದು ಒಗ್ಗಿತು, ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ.

ಹೊಟ್ಟೆಗೂ ತರಬೇತಿ ಕೊಡಬಹುದು. ಈಗ ಒಂದು ಬಿಸ್ಕತ್ತನ್ನೂ ತಾಳದ ಜಠರ, ವಾರಕ್ಕೆ ಒಂದೆರಡು ಸಲ ಸ್ವಲ್ಪ ಸ್ವಲ್ಪವೇ ತಿಂದು ಓಡುತ್ತ ಹೋದರೆ ಎರಡು ತಿಂಗಳಲ್ಲಿ ಎರಡು ಇಡ್ಲಿ ತಾಳುತ್ತದೆ. ನನ್ನದು ತಾಳಿತು.

ಈ ಡೈರಿ ನಿಜವಾಗಿ ಉಪಯೋಗಕ್ಕೆ ಬರುವುದು ಸ್ಪರ್ಧೆಯ ದಿನ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವಿರಲಿ, ಜನವರಿಯ ಮುಂಬಯಿ ಮ್ಯಾರಥಾನ್ ಇರಲಿ, ಆರಂಭ ನಸುಕಿನಲ್ಲೇ. ಹೋಟೆಲಿನಲ್ಲಿ ಉಳಿದಿದ್ದರೆ ಬೆಳಗ್ಗೆ ಮೂರೂವರೆಗೆ ಯಾರೂ ಇಡ್ಲಿ ಬೇಯಿಸಿಕೊಡುವುದಿಲ್ಲ. ಅಭ್ಯಾಸದಲ್ಲಿ ತಿಂದದ್ದನ್ನೇ, ಅದೇ ಅಳತೆಯಲ್ಲಿ, ಹಿಂದಿನ ದಿನವೇ ಚೀಲಕ್ಕೆ ಹಾಕಿಕೊಳ್ಳಿ. ಆರಂಭದ ಜಾಗದಲ್ಲಿ ಪುಕ್ಕಟೆ ಹಂಚುವ ಹೊಸ ಪಾನೀಯವನ್ನು ಮನೆಗೆ ತನ್ನಿ, ಅಲ್ಲೇ ಕುಡಿಯಬೇಡಿ. ಓಟ ಒಂದೂವರೆ ಗಂಟೆ ದಾಟುವುದಾದರೆ ಓಡುವಾಗಲೂ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಶುರುವಾಗಿ ಅರ್ಧ ಗಂಟೆಗೇ ಆರಂಭಿಸಿ, ಸುಸ್ತಾಗುವವರೆಗೆ ಕಾಯಬೇಡಿ. ನೋವು ಬರದಿರಲಿ ಎಂದು ಮುಂಚಿತವಾಗಿಯೇ ಐಬುಪ್ರೊಫೇನ್ ನುಂಗಿ ಓಡುವ ಅಭ್ಯಾಸ ಕೆಲವರಿಗಿದೆ. ರಕ್ತ ಕಡಿಮೆಯಾದ ಕರುಳಿನ ಒಳಪದರಕ್ಕೆ ಅದು ಇನ್ನಷ್ಟು ಗಾಯ ಮಾಡುತ್ತದೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ.

ಕೊಬ್ಬು ಕರಗಿಸಲೆಂದು ಬರಿಹೊಟ್ಟೆಯಲ್ಲಿ ಓಡುವವರಿಗೆ

ಬರಿಹೊಟ್ಟೆಯಲ್ಲಿ ಓಡಿದರೆ ಆ ಓಟದ ಅವಧಿಯಲ್ಲಿ ಕೊಬ್ಬು ಹೆಚ್ಚು ಉರಿಯುತ್ತದೆ, ನಿಜ. ಆದರೆ ದೇಹ ದಿನದ ಕೊನೆಯಲ್ಲಿ ಜಮಾಖರ್ಚು ಸರಿದೂಗಿಸಿಕೊಳ್ಳುತ್ತದೆ. ದಿನದ ಒಟ್ಟು ಆಹಾರ ಒಂದೇ ಆಗಿದ್ದರೆ ತಿಂದು ಓಡಿದವರಿಗೂ ತಿನ್ನದೆ ಓಡಿದವರಿಗೂ ವಾರಗಳ ನಂತರ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಬರಿಹೊಟ್ಟೆಯಲ್ಲಿ ಓಡಿ ಬಂದು ಹಸಿವು ತಡೆಯಲಾಗದೆ ಎರಡು ಸೆಟ್ ದೋಸೆ ಸಾಗು ಮುಗಿಸಿದರೆ ಲೆಕ್ಕ ತಿರುಗುಮುರುಗಾಗುವುದೇ ಹೆಚ್ಚು.

ಕೀನ್ಯಾದ ಇಟೆನ್ ಊರಿನ ವಿಶ್ವದರ್ಜೆಯ ಓಟಗಾರರು ಬೆಳಗ್ಗೆ ಆರಕ್ಕೆ ತಿಂಡಿಗೆ ಮುಂಚೆಯೇ ಓಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಓಡುತ್ತಾರೆ. ಆದರೆ ಹಿಂದಿನ ರಾತ್ರಿ ಅವರು ತಟ್ಟೆ ತುಂಬ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಉಂಡಿರುತ್ತಾರೆ, ಓಡಿ ಬಂದ ಮೇಲೆ ಹಾಲು ಸಕ್ಕರೆ ಹಾಕಿದ ಚಹಾ ಕುಡಿಯುತ್ತಾರೆ. ಅವರ ಖಾಲಿ ಹೊಟ್ಟೆ ನಮ್ಮ ಕೋಸಂಬರಿಯ ಖಾಲಿ ಹೊಟ್ಟೆಯಲ್ಲ.

ಓಡುವ ಹೆಣ್ಣುಮಕ್ಕಳು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಖರ್ಚಿಗೆ ತಕ್ಕಷ್ಟು ತಿನ್ನದೆ ತಿಂಗಳುಗಟ್ಟಲೆ ಓಡಿದರೆ ಮುಟ್ಟು ಏರುಪೇರಾಗುತ್ತದೆ, ನಿಲ್ಲಲೂಬಹುದು. ಮೂಳೆ ತೆಳುವಾಗಿ ಬಿರುಕು ಬಿಡುತ್ತದೆ. ಗಂಡಸರೂ ಇದರಿಂದ ಹೊರತಲ್ಲ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿತ್ತು. ಮುಟ್ಟು ತಪ್ಪುತ್ತಿದ್ದರೆ ಅದನ್ನು ಕಠಿಣ ಅಭ್ಯಾಸದ ಪದಕವೆಂದು ತಿಳಿಯದೆ ವೈದ್ಯರನ್ನು ಕಾಣಿ.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದ ದಿನಗಳಲ್ಲಿ ಓಡಲೇಬೇಕೆಂದಿದ್ದರೆ ಉಪವಾಸ ಮುರಿಯುವ ಹೊತ್ತಿಗೆ ಅರ್ಧ ಗಂಟೆ ಮುಂಚೆ ನಿಧಾನವಾಗಿ ಓಡಿ, ಅಥವಾ ಹಗುರವಾಗಿ ತಿಂದು ಎರಡು ಗಂಟೆ ಕಳೆದ ಮೇಲೆ. ನೀರೂ ಕುಡಿಯದ ಉಪವಾಸದಲ್ಲಿ ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲಿಗೆ ಓಡುವುದು ಯಾವ ದೇವರಿಗೂ ಬೇಡ.

ಇವರು ಹೆಜ್ಜೆ 1ಕ್ಕೆ ಮುಂಚೆಯೇ ವೈದ್ಯರನ್ನು ಕೇಳಬೇಕು

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲೈಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವ ಮಧುಮೇಹಿಗಳು ಬರಿಹೊಟ್ಟೆಯಲ್ಲಿ ಓಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಓಡುವ ಮುನ್ನ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಿ. 90 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 15ರಿಂದ 30 ಗ್ರಾಂ ಶರ್ಕರಪಿಷ್ಟ ತಿಂದ ಮೇಲೆಯೇ ಹೊರಡಿ. 250 ದಾಟಿದ್ದು, ರಕ್ತ ಅಥವಾ ಮೂತ್ರದ ಪರೀಕ್ಷೆಯಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಒಡೆದು ಹುಟ್ಟುವ ವಸ್ತು) ಕೂಡ ಕಂಡುಬಂದರೆ ಆ ದಿನ ಓಡಬೇಡಿ. ಜೇಬಿನಲ್ಲಿ ಸದಾ ಗ್ಲೂಕೋಸ್ ಪುಡಿ ಇರಲಿ. ಓಡುವಾಗ ತಣ್ಣನೆಯ ಬೆವರು, ಕೈ ನಡುಕ, ಕಣ್ಣು ಕತ್ತಲೆ ಕಂಡರೆ ನಿಂತು ಮೂರು ಚಮಚದಷ್ಟು ತಿನ್ನಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಸಂಜೆ ಹೆಚ್ಚು ಓಡಿದ ದಿನ ರಾತ್ರಿ ಮಲಗಿದ ಮೇಲೂ ಸಕ್ಕರೆ ಇಳಿಯಬಹುದು, ಮನೆಯವರಿಗೂ ಇದು ಗೊತ್ತಿರಲಿ.

ಗರ್ಭಿಣಿಯರು, ಬೆಳೆಯುವ ವಯಸ್ಸಿನ ಮಕ್ಕಳು ಬರಿಹೊಟ್ಟೆಯ ಪ್ರಯೋಗ ಮಾಡಬಾರದು. ಗೋಧಿ ಅಥವಾ ಸಿಗಡಿ ತಿಂದು ಓಡಿದಾಗ ಮಾತ್ರ ಮೈಮೇಲೆ ದದ್ದು ಏಳುವ, ತುಟಿ ಊದುವ ಅಪರೂಪದ ಅಲರ್ಜಿಯೊಂದಿದೆ. ಒಮ್ಮೆ ಹಾಗಾದರೂ ತಜ್ಞರನ್ನು ನೋಡಿ, ಏಕೆಂದರೆ ಎರಡನೆಯ ಸಲ ಅದು ಉಸಿರಿಗೇ ಬರಬಹುದು.

ಇನ್ನೊಂದು, ನಲವತ್ತು ದಾಟಿದವರಿಗೆ. ಓಡುವಾಗ ಎದೆ ಬಿಗಿದರೆ, ನೋವು ಭುಜಕ್ಕೋ ದವಡೆಗೋ ಹರಡಿದರೆ ‘ಬೆಳಗ್ಗೆ ತಿಂದದ್ದು ಗ್ಯಾಸ್ ಆಗಿದೆ’ ಎಂದು ಸೋಡಾ ಕುಡಿದು ಮನೆಗೆ ಹೋಗಬೇಡಿ. ನಿಲ್ಲಿ, ಯಾರನ್ನಾದರೂ ಕರೆಯಿರಿ, ನೇರವಾಗಿ ಆಸ್ಪತ್ರೆಗೆ ಹೋಗಿ.

ಸಂಜೆ ಓಡುವವರಿಗೆ

ನಿಮ್ಮ ಸಮಸ್ಯೆ ಬೇರೆ. ಮಧ್ಯಾಹ್ನ ಒಂದಕ್ಕೆ ಊಟ, ಸಂಜೆ ಆರೂವರೆಗೆ ಓಟ, ನಡುವೆ ಕಚೇರಿಯ ಬೋಂಡಾ. ಊಟವಾಗಿ ಐದು ಗಂಟೆ ಕಳೆದಿರುವುದರಿಂದ ಹಸಿವಾಗುವುದು ಸಹಜ, ತಪ್ಪು ಬೋಂಡಾದ್ದು. ಐದು ಗಂಟೆಯ ಹೊತ್ತಿಗೆ ಒಂದು ಬಾಳೆಹಣ್ಣು, ನಾಲ್ಕು ಮಾರಿ ಬಿಸ್ಕತ್ತು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿರಿ. ಚುರುಮುರಿಯಾದರೆ ಹಸಿ ಈರುಳ್ಳಿ, ಖಾರ ಬಿಟ್ಟು ಕೊಡಿ ಎಂದು ಹೇಳಬೇಕು. ಹೇಳಿದರೆ ಅಂಗಡಿಯವರು ನಿಮ್ಮನ್ನು ನೋಡುವ ನೋಟವನ್ನು ಸಹಿಸಿಕೊಳ್ಳಬೇಕು.

ಓಡಿ ಬಂದ ಮೇಲೆ

ನಲವತ್ತು ನಿಮಿಷದ ಓಟವಾದರೆ ಎಂದಿನ ತಿಂಡಿಯ ಹೊತ್ತಿಗೆ ಎಂದಿನ ತಿಂಡಿ. ದೀರ್ಘ ಓಟವಾದರೆ ಗಂಟೆಯೊಳಗೆ ತಿನ್ನಿ. ಇಡ್ಲಿ, ಉಪ್ಪಿಟ್ಟು, ರೊಟ್ಟಿ ಯಾವುದಾದರೂ ಸರಿ, ಜೊತೆಗೆ ಮೊಟ್ಟೆ, ಮೊಸರು, ಕಾಳುಪಲ್ಯದಂಥ ಪ್ರೋಟೀನಿನ ಒಂದು ಪಾಲು ಇರಲಿ. ಓಟಕ್ಕೆ ಮುಂಚೆ ಬೇಡವೆಂದ ಕಾಯಿಚಟ್ನಿ, ಸಾಂಬಾರು, ಮೊಳಕೆಕಾಳು, ಮುದ್ದೆ ಎಲ್ಲಕ್ಕೂ ಈಗ ದಾರಿ ಬಿಡಬಹುದು. ನಾನಂತೂ ಭಾನುವಾರದ ಓಟದ ನಂತರ ಎರಡು ಇಡ್ಲಿ, ಒಂದು ವಡೆ ತಿನ್ನುತ್ತೇನೆ, ಸಾಂಬಾರಿನಲ್ಲಿ ಮುಳುಗಿಸಿಯೇ.